ಹೊಟ್ಟೆ ಚಿಕ್ಕದಾದ ಮೇಲಿನ ದಿನಗಳು: ತೂಕ ಇಳಿಸುವ ಸರ್ಜರಿಯ ತೀರ್ಮಾನ ಮತ್ತು ಚೇತರಿಕೆ

(ಉಪನ್ಯಾಸದ ಬರಹ ರೂಪ)

ತೂಕ ಇಳಿಸುವ ಸರ್ಜರಿಯ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಕೆಜಿ ಇಳಿಯುತ್ತದೆ ಎಂದು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸ್ಲೀವ್ (ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸರ್ಜರಿ) ಮಾಡಿಸಿಕೊಂಡವರಲ್ಲಿ ಒಂದೆರಡು ವರ್ಷದ ಹೊತ್ತಿಗೆ ಒಟ್ಟು ತೂಕದ ಸುಮಾರು ಶೇ 25ರಷ್ಟು, ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಬಳಸಿ ಊಟಕ್ಕೆ ಬೇರೆ ದಾರಿ ಮಾಡುವ ಸರ್ಜರಿ) ಆದವರಲ್ಲಿ ಸುಮಾರು ಶೇ 30ರಷ್ಟು ಇಳಿಯುತ್ತದೆ. 120 ಕೆಜಿ ಇದ್ದವರು 90 ಅಥವಾ 84ರ ಆಸುಪಾಸಿಗೆ ಬರುತ್ತಾರೆ. ಇದು ಸರಾಸರಿ ಮಾತ್ರ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ತಳ ಮುಟ್ಟಿದ ಮೇಲೆ ಒಂದಷ್ಟು ಕೆಜಿ ವಾಪಸ್ ಬರುವುದೂ ಮಾಮೂಲು.

ಆದರೆ ಈ ಸಂಖ್ಯೆಯನ್ನು ನೋಡಿ ತೀರ್ಮಾನ ಮಾಡಬೇಡಿ. ಸರ್ಜರಿ ನಡೆಯುವುದು ಒಂದೆರಡು ಗಂಟೆ. ಅದಾದ ಮೇಲೆ ನೀರು ಕುಡಿಯುವ ರೀತಿ, ತುತ್ತು ಅಗಿಯುವ ರೀತಿ, ಮಾತ್ರೆ ನುಂಗುವ ಹೊತ್ತು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಇವು ಬದುಕಿರುವವರೆಗೂ ಇರುತ್ತವೆ. ಆ ದಿನಚರಿಯನ್ನು ಮೊದಲು ತಿಳಿದುಕೊಂಡು, ‘ಇದು ನನ್ನಿಂದ ಆಗುತ್ತದೆಯೇ’ ಎಂದು ಕೇಳಿಕೊಂಡವರ ತೀರ್ಮಾನ ಗಟ್ಟಿಯಾಗಿರುತ್ತದೆ. ಹಾಗಾಗಿ ಇವತ್ತು ಚೇತರಿಕೆಯ ವಿಷಯಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ಮೊದಲು ಯಾರಿಗೆ ಎಂಬುದು. 1991ರಿಂದ ಬಹಳ ಕಾಲ ನಡೆದುಬಂದ ನಿಯಮ ಇಷ್ಟು: ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸಂಖ್ಯೆ) 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಡಯಾಬಿಟಿಸ್, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಂಥ ಕಾಯಿಲೆ ಇರಬೇಕು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ (ತೂಕ ಇಳಿಸುವ ಸರ್ಜರಿಯ) ಸಂಘಗಳು ಸೇರಿ ಇದನ್ನು ಬದಲಿಸಿದವು. ಈಗ 35 ದಾಟಿದವರಿಗೆ ಬೇರೆ ಕಾಯಿಲೆ ಇರಲೇಬೇಕೆಂದಿಲ್ಲ. 30 ದಾಟಿದವರಿಗೆ ಡಯಾಬಿಟಿಸ್‌ನಂಥ ಚಯಾಪಚಯದ ತೊಂದರೆ ಇದ್ದರೆ ಪರಿಗಣಿಸಬಹುದು. ಏಷ್ಯಾ ಮೂಲದವರಲ್ಲಿ ಕಡಿಮೆ ತೂಕಕ್ಕೇ ಕಾಯಿಲೆ ಶುರುವಾಗುವುದರಿಂದ ಅವರಿಗೆ 27.5ರಿಂದಲೇ ಯೋಚಿಸಬಹುದು ಎಂದು ಆ ಮಾರ್ಗಸೂಚಿ ಹೇಳುತ್ತದೆ.

ಸ್ಲೀವ್ ಎಂದರೆ ಒಳಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ತೂತು, ಒಂದೊಂದೂ 5ರಿಂದ 12 ಮಿಲಿಮೀಟರ್. ಬಾಯಿಯ ಮೂಲಕ ಸುಮಾರು 12–13 ಮಿಲಿಮೀಟರ್ ದಪ್ಪದ ಮೆತ್ತನೆಯ ಕೊಳವೆಯನ್ನು ಜಠರದೊಳಗೆ ಇಳಿಸುತ್ತಾರೆ. ಅದು ಅಳತೆಗೋಲಿದ್ದ ಹಾಗೆ. ಅದಕ್ಕೆ ಒತ್ತಿಕೊಂಡಂತೆ ಸ್ಟೇಪ್ಲರ್ ಹಿಡಿದು, ಜಠರದ ಕೆಳಬಾಗಿಲಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿನಿಂದ ಕತ್ತರಿಸುತ್ತ ಹೋಗುತ್ತಾರೆ. ಸ್ಟೇಪ್ಲರ್ ಒಂದು ಸಲ ಒತ್ತಿದರೆ ಆ ಕಡೆ ಮೂರು ಸಾಲು, ಈ ಕಡೆ ಮೂರು ಸಾಲು ಟೈಟೇನಿಯಂ ಪಿನ್ನು ಕೂರುತ್ತವೆ, ನಡುವೆ ಬ್ಲೇಡು ಹರಿಯುತ್ತದೆ. ಇಂಥ ಐದಾರು ಒತ್ತು ಆದ ಮೇಲೆ ಜಠರದ ಶೇ 75–80 ಭಾಗ ಬೇರೆಯಾಗಿ ಒಂದು ತೂತಿನಿಂದ ಹೊರಗೆ ಬರುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ, 100ರಿಂದ 150 ಮಿಲಿ ಹಿಡಿಸುವ ಕೊಳವೆ. ತೆಗೆದ ಭಾಗ ಮತ್ತೆ ಸಿಗುವುದಿಲ್ಲ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಆ ತೆಗೆದ ಮೇಲ್ಭಾಗದಲ್ಲೇ. ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗದಿರಲು ಇದೂ ಒಂದು ಕಾರಣ.

ಬೈಪಾಸ್ ಬೇರೆಯೇ ಕಥೆ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಯ ಪುಟ್ಟ ಪೌಚ್, ಅಂದರೆ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಕೆಳಗಿನ ತುದಿಯನ್ನು ಮೇಲೆ ತಂದು ಅದಕ್ಕೆ ಜೋಡಿಸುತ್ತಾರೆ. ಪಿತ್ತ ಮತ್ತು ಮೇದೋಜೀರಕದ ರಸ ಬರುವ ಇನ್ನೊಂದು ತುದಿ ಸುಮಾರು ಒಂದು ಮೀಟರ್ ಕೆಳಗೆ ಬಂದು ಸೇರುತ್ತದೆ. ಆಹಾರವು ಜಠರದ ಹೆಚ್ಚಿನ ಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಜಠರದ ಉಳಿದ ಭಾಗ ಒಳಗೇ ಇರುತ್ತದೆ, ಊಟ ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವ ಜಾಗ ಆ ಬಿಟ್ಟುಹೋದ ಮೊದಲ ಭಾಗವೇ. ಮಾತ್ರೆಗಳ ವಿಷಯ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಎರಡರಲ್ಲಿ ಯಾವುದು? ಎದೆಯುರಿ ಜೋರಾಗಿ ಇರುವವರಿಗೆ ನಾನು ಸ್ಲೀವ್ ಬೇಡ ಎನ್ನುವ ಪಕ್ಷದವನು. ಕಿರಿದಾದ ಕೊಳವೆಯೊಳಗೆ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೆ ನುಗ್ಗುತ್ತದೆ, ಮೊದಲಿಲ್ಲದ ಎದೆಯುರಿ ಆಮೇಲೆ ಶುರುವಾಗುವುದೂ ಉಂಟು. ಅದಕ್ಕಾಗಿಯೇ ಸ್ಲೀವ್ ಆದ ಕೆಲವರು ಮತ್ತೆ ಬೈಪಾಸ್‌ಗೆ ಬರಬೇಕಾಗುತ್ತದೆ. ಆದ್ದರಿಂದ ತೀರ್ಮಾನಕ್ಕೆ ಮೊದಲೇ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಜಠರ ನೋಡುವುದು) ಮಾಡಿಸಿ ಎಂದು ಕೇಳಿ. ಇನ್ನೊಂದು ಕಡೆ, ಸಂಧಿವಾತಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬಿಡಲಾಗದವರಿಗೆ ಮತ್ತು ಸಿಗರೇಟು ಬಿಡದವರಿಗೆ ಬೈಪಾಸ್ ಅಪಾಯದ ದಾರಿ. ಪೌಚ್ ಮತ್ತು ಕರುಳು ಕೂಡುವ ಜೋಡಣೆಯಲ್ಲಿ ಹುಣ್ಣಾಗುತ್ತದೆ, ರಕ್ತ ಸುರಿಯುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಡಯಾಬಿಟಿಸ್ ಮುಖ್ಯ ಕಾರಣವಾಗಿದ್ದರೆ ಬೈಪಾಸ್ ಕಡೆಗೆ ಒಲವು ಹೆಚ್ಚು. ಡಯಾಬಿಟಿಸ್ ಬಂದು ಕಡಿಮೆ ವರ್ಷವಾಗಿದ್ದು, ಇನ್ಸುಲಿನ್ ಇನ್ನೂ ಶುರುವಾಗಿಲ್ಲದಿದ್ದರೆ ಅದು ಹಿಮ್ಮೆಟ್ಟುವ ಸಾಧ್ಯತೆ ಜಾಸ್ತಿ.

ತೂಕ ಇಳಿಸುವ ಇಂಜೆಕ್ಷನ್ ಇರುವಾಗ ಸರ್ಜರಿ ಯಾಕೆ ಎಂಬುದು ಈಗ ನ್ಯಾಯವಾದ ಪ್ರಶ್ನೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 15ರ ಹತ್ತಿರ, 2022ರದ್ದರಲ್ಲಿ ಟಿರ್ಜೆಪಟೈಡ್ ಹೆಚ್ಚಿನ ಡೋಸ್‌ನಲ್ಲಿ 72 ವಾರದಲ್ಲಿ ಸುಮಾರು ಶೇ 20 ತೂಕ ಇಳಿಸಿದವು. ಒಳ್ಳೆಯ ಔಷಧಿಗಳೇ. ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ, ಅಷ್ಟು ಗೊತ್ತಿರಲಿ. ಸರ್ಜರಿಯ ಪರವಾಗಿ ದೀರ್ಘಕಾಲದ ಸಾಕ್ಷ್ಯ ಇದೆ. 1987ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿತು. ಸರ್ಜರಿ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು 2007ರಲ್ಲಿ ಅದು ತೋರಿಸಿತು. ಸರ್ಜರಿಯಿಂದಲೇ ಸಾಯುವ ಅಪಾಯ ಸಾವಿರಕ್ಕೆ ಒಂದರ ಆಸುಪಾಸು.

ಸದ್ಯಕ್ಕೆ ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ: ಕುಡಿತ ಅಥವಾ ಬೇರೆ ಚಟ ಹಿಡಿತದಲ್ಲಿಲ್ಲದಿದ್ದಾಗ, ಖಿನ್ನತೆ ತೀವ್ರವಾಗಿದ್ದು ಚಿಕಿತ್ಸೆ ನಡೆಯದಿದ್ದಾಗ, ಒಂದೂವರೆ ವರ್ಷದೊಳಗೆ ಮಗು ಬೇಕೆಂದಿದ್ದಾಗ. ಸರ್ಜರಿ ಆಗಿ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ತೂಕ ಇಳಿಯುತ್ತಿದ್ದಂತೆ ಗರ್ಭ ನಿಲ್ಲುವ ಸಾಧ್ಯತೆ ಏರುತ್ತದೆ, ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬೇರೆ ವಿಧಾನ ಮೊದಲೇ ಗೊತ್ತುಮಾಡಿಕೊಳ್ಳಿ.

ಸರ್ಜರಿಗೆ ಮೊದಲಿನ ಎರಡು ವಾರ ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಆಹಾರ ಕೊಡುತ್ತಾರೆ. ಇದು ಶಿಸ್ತಿನ ಪರೀಕ್ಷೆ ಎಂದುಕೊಳ್ಳುವವರು ಬಹಳ. ಹಾಗಲ್ಲ. ಜಠರದ ಮೇಲೆ ಯಕೃತ್ತಿನ ಎಡಭಾಗ ಮುಚ್ಚಿಕೊಂಡಿರುತ್ತದೆ. ಕೊಬ್ಬು ತುಂಬಿದ್ದರೆ ಅದು ದಪ್ಪವಾಗಿ, ಎತ್ತಿ ಹಿಡಿದರೆ ಹರಿದು ರಕ್ತ ಬರುವಷ್ಟು ಮೆದುವಾಗಿರುತ್ತದೆ. ಎರಡು ವಾರದಲ್ಲಿ ಅದು ಕಣ್ಣಿಗೆ ಕಾಣುವಷ್ಟು ಕುಗ್ಗುತ್ತದೆ, ಸರ್ಜನ್‌ಗೆ ಜಾಗ ಸಿಗುತ್ತದೆ. ಹಿಂದಿನ ವಾರ ಮನಸಾರೆ ತಿಂದು ಬಂದವರಿಗೆ ಅಪಾಯ ಹೆಚ್ಚುವುದು ಇಲ್ಲೇ. ಸಿಗರೇಟನ್ನು ಕನಿಷ್ಠ ಆರು ವಾರ ಮೊದಲು ಬಿಡಬೇಕು, ಮತ್ತೆ ಮುಟ್ಟಬಾರದು. ಡಯಾಬಿಟಿಸ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಿನ್ನುವವರು ವೈದ್ಯರ ಸೂಚನೆಯಂತೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಹೆಚ್ಚಿಲ್ಲದೆಯೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ತೂಕದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಜಠರ ಖಾಲಿಯಾಗುವುದು ತಡವಾಗಿರುತ್ತದೆ. ಬಿ12, ವಿಟಮಿನ್ ಡಿ, ಕಬ್ಬಿಣದ ಮಟ್ಟವನ್ನು ಮೊದಲೇ ನೋಡಿ ಕೊರತೆ ತುಂಬಿಕೊಳ್ಳಬೇಕು. ಆಮೇಲೆ ತುಂಬುವುದು ಕಷ್ಟ.

ಸರ್ಜರಿ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್ಚರವಾದಾಗ ಹೊಟ್ಟೆಗಿಂತ ಭುಜ ನೋಯಬಹುದು. ಒಳಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವನ್ನು) ಕೆಣಕಿದ್ದರ ಫಲ ಅದು. ನಡೆದಾಡಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಅದೇ ದಿನ ಎದ್ದು ನಡೆಸುತ್ತಾರೆ, ನಡೆಯಲೇಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಸರ್ಜರಿಯಲ್ಲಿ ಪ್ರಾಣ ತೆಗೆಯುವ ಮುಖ್ಯ ಕಾರಣಗಳಲ್ಲಿ ಒಂದು. ಒಂದೆರಡು ರಾತ್ರಿ ಕಳೆದು ಮನೆಗೆ. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು.

ಮನೆಗೆ ಬಂದ ಮೇಲಿನ ಮೊದಲ ಕೆಲಸ ನೀರು. ಸರ್ಜರಿ ಆದವರು ಮತ್ತೆ ಆಸ್ಪತ್ರೆಗೆ ಬರುವುದಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲಿ ನೀರಿನ ಕೊರತೆ ಒಂದು. ಒಂದು ಲೋಟ ನೀರನ್ನು ಗಟಗಟ ಕುಡಿಯುವುದು ಇನ್ನು ಆಗದ ಮಾತು. ಹೊಲಿದ ಜಾಗ ಊದಿಕೊಂಡಿರುತ್ತದೆ, ಎರಡು ದೊಡ್ಡ ಗುಟುಕಿಗೇ ಎದೆ ಬಿಗಿಯುತ್ತದೆ. ಆದ್ದರಿಂದ ಕೆಮ್ಮಿನ ಔಷಧಿಯ ಜೊತೆ ಬರುವಂಥ 30 ಮಿಲಿಯ ಅಳತೆ ಲೋಟ ಇಟ್ಟುಕೊಳ್ಳಿ. ಅದನ್ನು ತುಂಬಿ, ಐದಾರು ಗುಟುಕಾಗಿ ಕಾಲು ಗಂಟೆಯಲ್ಲಿ ಮುಗಿಸಿ, ಮತ್ತೆ ತುಂಬಿ. ಗಂಟೆಗೆ 120 ಮಿಲಿ ಆಯಿತು. ಎಚ್ಚರವಿರುವ 14 ಗಂಟೆಗೆ 1,680 ಮಿಲಿ. ಗುರಿ ಒಂದೂವರೆಯಿಂದ ಎರಡು ಲೀಟರ್, ಅದರೊಳಗೆ ಬಂತು. ಎರಡು ಗಂಟೆ ಮರೆತು ನಿದ್ದೆ ಮಾಡಿದರೆ 240 ಮಿಲಿ ಹಿಂದೆ ಬೀಳುತ್ತೀರಿ. ಆ ಬಾಕಿಯನ್ನು ಒಟ್ಟಿಗೆ ಕುಡಿದು ತೀರಿಸಲಾಗದು ಎಂಬುದೇ ಇಲ್ಲಿನ ಕಷ್ಟ. ಫೋನಿನಲ್ಲಿ ಅಲಾರಾಂ ಇಡಿ. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಎಂದರ್ಥ. ತಣ್ಣೀರು ಹಿಡಿಸದವರಿಗೆ ಉಗುರುಬೆಚ್ಚಗಿನದು ಇಳಿಯುತ್ತದೆ. ಗ್ಯಾಸ್ ಇರುವ ಪಾನೀಯ ಬೇಡ, ಸ್ಟ್ರಾ ಬೇಡ.

ಆಹಾರ ಹಂತ ಹಂತವಾಗಿ ಬರುತ್ತದೆ. ಒಂದೆರಡು ದಿನ ತಿಳಿ ದ್ರವ, ಆಮೇಲೆ ಎರಡು ವಾರ ಮುಗಿಯುವವರೆಗೆ ಗಟ್ಟಿ ದ್ರವ, ಮೂರು ಮತ್ತು ನಾಲ್ಕನೇ ವಾರ ರುಬ್ಬಿದ್ದು, ಐದು ಮತ್ತು ಆರನೇ ವಾರ ಮೆತ್ತಗಿನದು, ಅಲ್ಲಿಂದ ಮುಂದೆ ನಿಧಾನವಾಗಿ ಮಾಮೂಲಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಕೆಲವು ದಿನ ಹೆಚ್ಚು ಕಡಿಮೆ ಇರುತ್ತದೆ. ನಿಮ್ಮ ತಂಡ ಕೊಟ್ಟ ಪಟ್ಟಿಯೇ ನಿಮ್ಮದು. ಹಂತ ಹಾರಬಾರದು ಎನ್ನುವುದು ಸುಮ್ಮನೆ ಅಲ್ಲ. ಸ್ಟೇಪಲ್ ಸಾಲು ಗಟ್ಟಿಯಾಗಲು ವಾರಗಳು ಬೇಕು.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಬರೀ ಮೊಟ್ಟೆಯಿಂದ 60 ಗ್ರಾಂ ಬರಬೇಕೆಂದರೆ ಹತ್ತು ಬೇಕು, ಮೊದಲ ತಿಂಗಳು ಒಂದು ತಿನ್ನುವುದೇ ಹೆಚ್ಚು. ಅದಕ್ಕೇ ಪ್ರೋಟೀನ್ ಪುಡಿ. ಸಾಮಾನ್ಯವಾಗಿ ಒಂದು ಅಳತೆಯಲ್ಲಿ 20ರಿಂದ 25 ಗ್ರಾಂ ಸಿಗುತ್ತದೆ, ದಿನಕ್ಕೆ ಎರಡು ಅಳತೆಯನ್ನು ದ್ರವದಲ್ಲಿ ಕಲಸಿ ಹಂಚಿಕೊಂಡು ಕುಡಿದರೆ ಮುಕ್ಕಾಲು ದಾರಿ ಸಾಗಿದ ಹಾಗೆ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಧಾನ್ಯ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಕರಗುತ್ತದೆ.

ಮೊದಲ ಗಟ್ಟಿ ತುತ್ತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ತಪ್ಪಾಗುವುದು ಇಲ್ಲೇ. ಹಳೆಯ ಅಭ್ಯಾಸದಂತೆ ನಾಲ್ಕೈದು ಸಲ ಅಗಿದು ನುಂಗುತ್ತೀರಿ. ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಎದೆಮೂಳೆಯ ಹಿಂದೆ ಒತ್ತಿದ ಹಾಗೆ, ಕಲ್ಲು ಕೂತ ಹಾಗೆ ನೋವು. ಬಾಯಿ ತುಂಬ ಜೊಲ್ಲು, ಅದು ನೊರೆನೊರೆಯಾಗಿ ಮೇಲೆ ಬರುತ್ತದೆ. ನೀರು ಕುಡಿದು ಇಳಿಸೋಣ ಎನಿಸುತ್ತದೆ. ಕುಡಿಯಬೇಡಿ, ಆ ನೀರಿಗೂ ಕೆಳಗೆ ದಾರಿಯಿಲ್ಲ. ತಿನ್ನುವುದು ನಿಲ್ಲಿಸಿ, ಎದ್ದು ನಿಧಾನ ನಡೆದಾಡಿ. ಸಾಮಾನ್ಯವಾಗಿ ಅದು ಇಳಿಯುತ್ತದೆ ಅಥವಾ ಹೊರಗೆ ಬರುತ್ತದೆ. ಆದದ್ದು ಇಷ್ಟೇ: ತುತ್ತು ದೊಡ್ಡದು, ಅಗಿದದ್ದು ಸಾಲದು, ಇಲ್ಲವೇ ಒಣ ಆಹಾರ. ಸಣ್ಣ ಚಮಚ, ತುತ್ತಿಗೆ 20ರಿಂದ 30 ಸಲ ಅಗಿತ, ತುತ್ತಿನ ನಡುವೆ ಚಮಚ ಕೆಳಗಿಡುವುದು, ಒಟ್ಟು ಊಟಕ್ಕೆ 20ರಿಂದ 30 ನಿಮಿಷ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಹೊಟ್ಟೆ ತುಂಬಿದ್ದು ಹೊಸ ಹೊಟ್ಟೆ ಹೊಸ ರೀತಿಯಲ್ಲೇ ಹೇಳುತ್ತದೆ: ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಕೆಲವರಿಗೆ ಒಂದು ನಿಟ್ಟುಸಿರು. ಆ ಸೂಚನೆ ಬಂದ ಮೇಲಿನ ಒಂದು ತುತ್ತೇ ವಾಂತಿಯಾಗುವ ತುತ್ತು.

ಒಮ್ಮೆ ಹೀಗೆ ಆದರೆ ಪಾಠವಾಯಿತು ಎಂದುಕೊಳ್ಳಿ. ದಿನವೂ ವಾಂತಿಯಾದರೆ ಅದು ಸಹಜವಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ‘ಈ ಸರ್ಜರಿ ಆದವರಿಗೆ ವಾಂತಿ ಇದ್ದದ್ದೇ’ ಎಂಬ ಸಮಾಧಾನದ ಮಾತಿನಿಂದ ಜನರ ನೆನಪಿನ ಶಕ್ತಿಯೇ ಹೋಗಿದೆ. ಕಾರಣ ಥಯಾಮಿನ್, ಅಂದರೆ ವಿಟಮಿನ್ ಬಿ1. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ. ಬಿ1 ಹಾಗಲ್ಲ, ಎರಡು ಮೂರು ವಾರಕ್ಕೆ ಖಾಲಿ. ತಿನ್ನುವುದು ಕಡಿಮೆ, ತಿಂದದ್ದೂ ವಾಂತಿ ಎಂದಾದರೆ ಒಂದು ತಿಂಗಳೊಳಗೇ ನಡೆಯುವಾಗ ತೂರಾಡುವುದು, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಗಲಿಬಿಲಿ ಶುರುವಾಗಬಹುದು. ತಡವಾದರೆ ಮಿದುಳಿನ ಹಾನಿ ಉಳಿದುಬಿಡುತ್ತದೆ. ಇಂಥವರಿಗೆ ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್ ಡ್ರಿಪ್. ಗ್ಲೂಕೋಸ್ ಮೊದಲು ಹೋದರೆ ಉಳಿದಿದ್ದ ಬಿ1 ಕೂಡ ಅದನ್ನು ಕರಗಿಸಲು ಖರ್ಚಾಗುತ್ತದೆ. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ನಿಮ್ಮ ತಂಡಕ್ಕೆ ಫೋನ್ ಮಾಡಿ, ಬಿ1 ಬಗ್ಗೆ ನೀವೇ ಕೇಳಿ. ಅದರಲ್ಲಿ ಸಂಕೋಚ ಬೇಡ.

ತಕ್ಷಣ ಹೊರಡಬೇಕಾದ ಲಕ್ಷಣಗಳು ಬೇರೆ. ಲೀಕ್, ಅಂದರೆ ಸ್ಟೇಪಲ್ ಸಾಲು ಸೋರುವುದು, ಸುಮಾರು ನೂರಕ್ಕೆ ಒಬ್ಬರಲ್ಲಿ ಅಥವಾ ಅದಕ್ಕಿಂತ ಕಡಿಮೆ. ಸ್ಲೀವ್‌ನಲ್ಲಿ ಅದು ಹೆಚ್ಚಾಗಿ ಆಗುವುದು ಅನ್ನನಾಳ ಸೇರುವ ಮೇಲ್ತುದಿಯಲ್ಲಿ, ಅಲ್ಲಿ ರಕ್ತ ಸಂಚಾರ ಕಡಿಮೆ, ಒತ್ತಡ ಹೆಚ್ಚು. ಅನೇಕ ಸಲ ಮನೆಗೆ ಬಂದ ಮೇಲೆಯೇ ಗೊತ್ತಾಗುತ್ತದೆ. ಹೊಟ್ಟೆ ಕಲ್ಲಾಗುವವರೆಗೆ ಕಾಯಬೇಡಿ, ಮೊದಲು ಏರುವುದು ನಾಡಿ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 120 ದಾಟಿ ಇಳಿಯದಿದ್ದರೆ, ಜೊತೆಗೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಎಡ ಭುಜದಲ್ಲಿ ಹೊಸ ನೋವು, ಉಸಿರಾಟಕ್ಕೆ ಕಷ್ಟ ಇದ್ದರೆ ಅಂದೇ ಆಸ್ಪತ್ರೆ. ಒಂದೇ ಮೀನಖಂಡ ಊದಿದರೆ, ಮಲ ಡಾಂಬರಿನಂತೆ ಕಪ್ಪಾದರೆ ಕೂಡ.

ಹಳೆಯ ಔಷಧಿಗಳನ್ನು ಹಳೆಯ ಪ್ರಮಾಣದಲ್ಲೇ ನುಂಗುತ್ತ ಹೋಗುವುದು ಇನ್ನೊಂದು ತಪ್ಪು. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತದೆ. ಇನ್ಸುಲಿನ್ ಹಳೆಯದೇ ಇದ್ದರೆ ಲೋ ಶುಗರ್. ನೀರು ಕಡಿಮೆ ಇರುವಾಗ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಕಿಡ್ನಿಗೆ ಪೆಟ್ಟು. ನಿಧಾನವಾಗಿ ಕರಗುವ ಮಾತ್ರೆಗಳನ್ನು ಬದಲಿಸಬೇಕಾಗಬಹುದು. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನು ಮಾತ್ರ ಮತ್ತೆ ಪರೀಕ್ಷೆಯಾಗುವವರೆಗೆ ಬಿಡಬೇಡಿ.

ಇನ್ನು ವಿಟಮಿನ್. ಮಲ್ಟಿವಿಟಮಿನ್ ದಿನವೂ, ಬಿ12 ದಿನಕ್ಕೆ 350ರಿಂದ 1,000 ಮೈಕ್ರೋಗ್ರಾಂ, ವಿಟಮಿನ್ ಡಿ3 ಸುಮಾರು 3,000 ಯೂನಿಟ್, ಕ್ಯಾಲ್ಸಿಯಂ 1,200ರಿಂದ 1,500 ಮಿಲಿಗ್ರಾಂ. ಮುಟ್ಟಾಗುವ ಮಹಿಳೆಯರಿಗೂ ಬೈಪಾಸ್ ಆದವರಿಗೂ ಕಬ್ಬಿಣ 45ರಿಂದ 60 ಮಿಲಿಗ್ರಾಂ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದೇ ಇರಲಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನಿಮ್ಮಲ್ಲಿ ಈಗ ಅದು ಕಡಿಮೆ. ಒಂದು ಸಲಕ್ಕೆ 500–600 ಮಿಲಿಗ್ರಾಂಗಿಂತ ಹೆಚ್ಚು ಹೀರಿಕೆಯಾಗುವುದಿಲ್ಲ, ಆದ್ದರಿಂದ ಎರಡು ಮೂರು ಪಾಲು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ, ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಕಬ್ಬಿಣದ ಜೊತೆ ಕಾಫಿ, ಟೀ ಬೇಡ. ರಕ್ತ ಪರೀಕ್ಷೆ 3, 6, 12ನೇ ತಿಂಗಳು, ಆಮೇಲೆ ಪ್ರತಿ ವರ್ಷ. ಮೂರನೇ ವರ್ಷದಲ್ಲಿ, ‘ಚೆನ್ನಾಗಿದ್ದೇನಲ್ಲ’ ಎಂದು ಮಾತ್ರೆ ಬಿಡುವವರೇ ಐದನೇ ವರ್ಷದಲ್ಲಿ ರಕ್ತಹೀನತೆ, ಕಾಲು ಜೋಮು ಹಿಡಿದು ಬರುತ್ತಾರೆ.

ಮೂರನೇ ವಾರದ ಹೊತ್ತಿಗೆ ತೂಕ ಕೆಲವು ದಿನ ಅಲುಗದೆ ನಿಲ್ಲುತ್ತದೆ. ಹೆದರಬೇಡಿ. ಮೊದಲು ಇಳಿದದ್ದರಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಮತ್ತು ಅದರ ಜೊತೆಗಿದ್ದ ನೀರು ಬಹಳ, ಈಗ ದೇಹ ನೀರಿನ ಲೆಕ್ಕ ಸರಿಪಡಿಸಿಕೊಳ್ಳುತ್ತಿದೆ. ಮೂರರಿಂದ ಆರನೇ ತಿಂಗಳ ನಡುವೆ ಕೂದಲು ಉದುರುತ್ತದೆ, ಬೇರು ಸಾಯುವುದಿಲ್ಲ, ಮತ್ತೆ ಬರುತ್ತದೆ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ, ಅದಕ್ಕೆ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದುಂಟು.

ಡಂಪಿಂಗ್, ಅಂದರೆ ತಿಂದದ್ದು ಕರುಳಿಗೆ ಬೇಗನೆ ಇಳಿದು ಆಗುವ ತೊಂದರೆ, ಎರಡು ಬಗೆ. ಸಿಹಿ ತಿಂದು 10ರಿಂದ 30 ನಿಮಿಷದಲ್ಲಿ ಹೊಟ್ಟೆ ಕಿವುಚಿ, ಎದೆ ಬಡಿದು, ಬೆವರಿ ಮಲಗಬೇಕೆನಿಸುವುದು ಮೊದಲನೆಯದು. ಸಾಂದ್ರ ಸಕ್ಕರೆ ಕರುಳಿಗೆ ಒಮ್ಮೆಲೇ ಬಿದ್ದು ನೀರನ್ನು ಎಳೆಯುತ್ತದೆ. ಊಟವಾಗಿ ಒಂದರಿಂದ ಮೂರು ಗಂಟೆಗೆ ಕೈ ನಡುಗಿ ಕಣ್ಣು ಕತ್ತಲಿಡುವುದು ಎರಡನೆಯದು. ಇನ್ಸುಲಿನ್ ಹೆಚ್ಚಾಗಿ ಸುರಿದು ಸಕ್ಕರೆ ಕುಸಿದಿರುತ್ತದೆ. ಇದು ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಶುರುವಾಗುವುದರಿಂದ ಸರ್ಜರಿಯ ಜೊತೆ ಹೊಂದಿಸಿ ನೋಡುವುದನ್ನೇ ಮರೆತಿರುತ್ತಾರೆ. ಗಾಡಿ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮದ್ಯದ ವಿಷಯ ನೇರವಾಗಿ ಹೇಳುತ್ತೇನೆ. ಬೈಪಾಸ್ ಆದ ಮೇಲೆ ಅದು ಬೇಗ ರಕ್ತಕ್ಕೆ ಸೇರುತ್ತದೆ, ಹೆಚ್ಚು ಏರುತ್ತದೆ. ಎರಡನೇ ವರ್ಷದಿಂದ ಚಟವಾಗುವ ಅಪಾಯ ಹೆಚ್ಚುತ್ತದೆ, ಮೊದಲು ಕುಡಿಯದವರಲ್ಲೂ. ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಕೈತಪ್ಪಿದಾಗ ಮನಸ್ಸು ಬೇರೆ ದಾರಿ ಹುಡುಕುತ್ತದೆ. ಬೇಸರ ಕವಿದರೆ, ಬದುಕು ಬೇಡ ಎನಿಸಿದರೆ ಮನೋವೈದ್ಯರ ಬಳಿ ಹೋಗುವುದೂ ಚೇತರಿಕೆಯ ಭಾಗವೇ.

ಕೊನೆಗೆ, ಬೈಪಾಸ್ ಆದವರು ಜೀವನಪೂರ್ತಿ ನೆನಪಿಡಬೇಕಾದ ಒಂದು ನೋವು ಇದೆ. ಕರುಳನ್ನು ಮರುಜೋಡಿಸಿದಾಗ ಅದರ ಪೊರೆಗಳ ನಡುವೆ ಸಂದುಗಳಾಗುತ್ತವೆ. ಸರ್ಜನ್ ಹೊಲಿದು ಮುಚ್ಚಿದರೂ, ತೂಕದ ಜೊತೆ ಪೊರೆಯ ಕೊಬ್ಬೂ ಕರಗಿ ಸಂದು ಮತ್ತೆ ಬಿಚ್ಚಬಹುದು. ಕರುಳು ಅದರೊಳಗೆ ನುಸುಳಿ ತಿರುಚಿಕೊಂಡರೆ ಊಟದ ನಂತರ ಬಿಟ್ಟು ಬಿಟ್ಟು ಹಿಂಡುವ ನೋವು ಬರುತ್ತದೆ, ಒಮ್ಮೊಮ್ಮೆ ಬೆನ್ನಿಗೂ ಹಬ್ಬುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಕರುಳೇ ಕೊಳೆಯುವ ಅಪಾಯವಿದೆ. ಬೇಕಾದದ್ದು ಸಿಟಿ ಸ್ಕ್ಯಾನ್ ಮತ್ತು ಈ ಸರ್ಜರಿ ಗೊತ್ತಿರುವ ಸರ್ಜನ್. ಸ್ಕ್ಯಾನ್ ಸರಿಯಿದ್ದೂ ನೋವು ನಿಲ್ಲದಿದ್ದರೆ ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತಿನಿಂದ ಕ್ಯಾಮೆರಾ ಇಳಿಸಿ, ಒಳಗೆ ನೋಡಲೇಬೇಕಾಗಬಹುದು. ಇದು ಆರು ತಿಂಗಳಿಗೂ ಬರಬಹುದು, ಹತ್ತು ವರ್ಷಕ್ಕೂ ಬರಬಹುದು. ಆಗ ಎದುರಿಗಿರುವ ವೈದ್ಯರಿಗೆ ನಿಮ್ಮ ಹೊಟ್ಟೆಯ ಒಳಗಿನ ಹೊಸ ನಕ್ಷೆ ಗೊತ್ತಿರುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ಆದ ದಿನವೇ ಆಪರೇಷನ್ ವರದಿಯ ಪ್ರತಿ ಕೇಳಿ ಪಡೆಯಿರಿ. ಯಾವ ಸರ್ಜರಿ, ಯಾವ ತಾರೀಖು, ಕರುಳಿನ ಅಳತೆ ಎಷ್ಟು, ಸಂದು ಹೊಲಿದಿದ್ದಾರೆಯೇ ಇಲ್ಲವೇ, ಇವು ಕಾಣುವಂತೆ ಫೋಟೊ ತೆಗೆದು ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.